ವಾಹನದಲ್ಲಿ ಮಲಗುವವರಿಗೆ ಡೀಸೆಲ್ ಹೀಟರ್: ಓದುಗರ ಪ್ರಶ್ನೆಗಳಿಗೆ ಉತ್ತರ

ಸ್ವಂತ ವಾಹನದಲ್ಲಿ ಹಿಮಾಚಲ, ಲಡಾಖ್‌ಗಳ ಕಡೆಗೆ ಹೊರಟು, ವಾಹನದಲ್ಲೇ ರಾತ್ರಿ ಕಳೆಯಬೇಕೆಂದಿರುವ ನಮ್ಮ ಭಾಗದ ಓದುಗರು ಡೀಸೆಲ್ ಹೀಟರ್ ಕುರಿತು ಹಲವು ಪತ್ರಗಳನ್ನು ಬರೆದಿದ್ದಾರೆ. ಅವುಗಳಲ್ಲಿ ಕೆಲವನ್ನು ಆಯ್ದು ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ನಾವು ನಾಲ್ವರು ಗೆಳೆಯರು ಅಕ್ಟೋಬರ್ ಕೊನೆಯಲ್ಲಿ ಟೆಂಪೋ ಟ್ರಾವೆಲರ್‌ನಲ್ಲಿ ಸ್ಪಿತಿಗೆ ಹೋಗಲಿದ್ದೇವೆ. ಕೈಯಲ್ಲಿ ಎತ್ತಿಕೊಂಡು ಹೋಗಬಹುದಾದ, ಪೆಟ್ಟಿಗೆಯಂತಿರುವ ಡೀಸೆಲ್ ಹೀಟರ್ ತರಿಸಿದ್ದೇವೆ. ಅದನ್ನು ಹಿಂದಿನ ಸೀಟಿನ ಕೆಳಗಿಟ್ಟು, ಹೊಗೆಕೊಳವೆಯನ್ನು ಕಿಟಕಿಯಿಂದ ಹೊರಗೆ ಬಿಟ್ಟು, ಗಾಜನ್ನು ಸ್ವಲ್ಪ ಇಳಿಸಿಟ್ಟರೆ ಸಾಕು ಎಂದು ಮಾರಿದವರು ಹೇಳುತ್ತಾರೆ. ಹಾಗೆ ಮಾಡಬಹುದೇ? (ಓದುಗರೊಬ್ಬರು, ಗಂಗಾವತಿ)

ಉತ್ತರ: ದಯವಿಟ್ಟು ಹಾಗೆ ಮಾಡಬೇಡಿ. ಏಕೆ ಎಂಬುದು ತಿಳಿಯಬೇಕಾದರೆ ಈ ಯಂತ್ರದೊಳಗೆ ಗಾಳಿ ಹರಿಯುವ ದಾರಿ ಎರಡು ಎಂಬುದನ್ನು ಮೊದಲು ಗಮನಿಸಬೇಕು. ಸಣ್ಣ ಪಂಪು ಟಿಕ್ ಟಿಕ್ ಎನ್ನುತ್ತಾ ಹನಿಹನಿಯಾಗಿ ಡೀಸೆಲನ್ನು ದಹನ ಕೊಠಡಿಗೆ ತಳ್ಳುತ್ತದೆ. ಗ್ಲೋ ಪ್ಲಗ್ ಕೆಂಪಗೆ ಕಾದು ಅದಕ್ಕೆ ಬೆಂಕಿ ಹತ್ತಿಸುತ್ತದೆ. ಉರಿಯಲು ಬೇಕಾದ ಗಾಳಿ ಒಂದು ಕೊಳವೆಯಿಂದ ಒಳಬಂದು, ಹೊಗೆಯಾಗಿ ಇನ್ನೊಂದು ಕೊಳವೆಯಿಂದ ಹೊರಹೋಗುತ್ತದೆ. ಇದು ಮೊದಲನೆಯ ದಾರಿ. ಆ ಬೆಂಕಿಯಿಂದ ಕಾದ ಅಲ್ಯೂಮಿನಿಯಂ ಕವಚದ ಹೊರಮೈಯನ್ನು ಸವರಿಕೊಂಡು ಫ್ಯಾನಿನ ಗಾಳಿ ನಿಮ್ಮ ಕಡೆಗೆ ಬೀಸುತ್ತದೆ. ಇದು ಎರಡನೆಯದು. ಇವೆರಡೂ ಎಲ್ಲಿಯೂ ಒಂದಾಗದಿದ್ದರೆ ಒಳಗೆ ಬರುವುದು ಒಣಗಿದ, ಶುದ್ಧವಾದ ಬೆಚ್ಚನೆಯ ಗಾಳಿ. ಗ್ಯಾಸ್ ಒಲೆ ಹಚ್ಚಿಕೊಂಡರೆ ಉಂಟಾಗುವ ನೀರಿನ ಆವಿ ವಾಹನದೊಳಗೇ ಉಳಿದು ಗಾಜಿನ ಮೇಲೆಲ್ಲ ಹನಿಗಟ್ಟುತ್ತದೆ. ಡೀಸೆಲ್ ಹೀಟರಿನಲ್ಲಿ ಆ ಆವಿಯೂ ಹೊಗೆಯೊಂದಿಗೆ ಹೊರಗೆ ಹೋಗುತ್ತದೆ ಎಂಬುದು ಅದರ ದೊಡ್ಡ ಗುಣ.

ಆದರೆ ಪೆಟ್ಟಿಗೆಯ ರೂಪದ ಹೀಟರುಗಳಲ್ಲಿ ಹೊಗೆಕೊಳವೆ ಪೆಟ್ಟಿಗೆಗೆ ಸೇರುವ ಜಾಗದಲ್ಲಿ ಕೇವಲ ಒಂದು ಕ್ಲಾಂಪ್ ಬಿಗಿದಿರುತ್ತದೆ. ಗಂಗಾವತಿಯಿಂದ ಸ್ಪಿತಿಯವರೆಗೆ ರಸ್ತೆಯ ಕುಲುಕಾಟವನ್ನು ಅನುಭವಿಸಿದ ಆ ಕ್ಲಾಂಪ್ ಕೂದಲೆಳೆಯಷ್ಟು ಸಡಿಲವಾದರೂ ಕಾರ್ಬನ್ ಮೊನಾಕ್ಸೈಡ್ ನೀವು ಮಲಗಿರುವ ಜಾಗಕ್ಕೇ ಸೋರುತ್ತದೆ. ಬಣ್ಣವೂ ವಾಸನೆಯೂ ಇಲ್ಲದ ಈ ಅನಿಲ ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಇಳಿಸಿಟ್ಟ ಗಾಜು ಇದಕ್ಕೆ ಪರಿಹಾರವಲ್ಲ. ಗಾಳಿ ತಿರುಗಿದರೆ ಹೊರಗೆ ಬಿಟ್ಟ ಹೊಗೆಯೂ ಅದೇ ಸಂದಿಯಿಂದ ಒಳಗೆ ಬರಬಹುದು.

ಆದ್ದರಿಂದ ಪೆಟ್ಟಿಗೆಯನ್ನೇ ವಾಹನದ ಹೊರಗೆ, ಸಮತಟ್ಟಾದ ನೆಲದ ಮೇಲೆ ಇಡಿ. ಕಿಟಕಿಯ ಅಳತೆಗೆ ಸರಿಯಾಗಿ ಪ್ಲೈವುಡ್ ಹಲಗೆಯೊಂದನ್ನು ಕತ್ತರಿಸಿ, ಬಿಸಿಗಾಳಿಯ ಕೊಳವೆ ಮಾತ್ರ ತೂರುವಷ್ಟು ರಂಧ್ರ ಮಾಡಿ, ಸುತ್ತಲೂ ಫೋಮ್ ಅಂಟಿಸಿ ಕೂರಿಸಿ. ಹೊಗೆಕೊಳವೆಯ ಬಾಯಿ ವಾಹನಕ್ಕೆ ಬೆನ್ನು ಮಾಡಿ, ಗಾಳಿ ಬೀಸಿ ಹೋಗುವ ದಿಕ್ಕಿಗೆ ಇರಲಿ. ಫ್ಯಾನು ಗಾಳಿ ಎಳೆದುಕೊಳ್ಳುವ ಬದಿಯಿಂದಲೂ ಅದು ದೂರವಿರಬೇಕು. ಇದನ್ನು ಮರೆತರೆ ಹೊರಗಿಟ್ಟ ಹೀಟರೇ ತನ್ನ ಹೊಗೆಯನ್ನು ಒಳಕ್ಕೆ ಊದುತ್ತದೆ. ಸಾಧ್ಯವಾದರೆ ಇನ್ನೊಂದು ಕೊಳವೆಯನ್ನು ಹಾಕಿ, ವಾಹನದೊಳಗಿನ ಗಾಳಿಯೇ ಮತ್ತೆ ಫ್ಯಾನಿಗೆ ಬರುವಂತೆ ಮಾಡಿ. ಆಗ ಒಳಗೆ ಬೇಗ ಬೆಚ್ಚಗಾಗುತ್ತದೆ, ಡೀಸೆಲೂ ಕಡಿಮೆ ಸಾಕು. ಹೀಗೆ ಮಾಡಿದಾಗಲೂ ನಾಲ್ವರ ಉಸಿರಿಗಾಗಿ ಬೇರೆ ಕಡೆ ಒಂದು ಗಾಳಿಕಿಂಡಿ ತೆರೆದೇ ಇರಬೇಕು. ಹೊಗೆಕೊಳವೆ ಕೈ ಸುಡುವುದಕ್ಕಿಂತ ಎಷ್ಟೋ ಹೆಚ್ಚು ಕಾಯುವುದರಿಂದ ಸುತ್ತ ಒಣಹುಲ್ಲು, ತಾಡಪತ್ರಿ ಇರಬಾರದು. ಹಿಮ ಬೀಳುವ ರಾತ್ರಿ ಕೊಳವೆಯ ಬಾಯಿ ಮುಚ್ಚಿಹೋಗಿಲ್ಲವೆಂದು ಎದ್ದು ನೋಡಬೇಕು. ಎದ್ದು ನೋಡುವವರು ಯಾರೂ ಇಲ್ಲದಿದ್ದರೆ ಆ ರಾತ್ರಿ ಹೀಟರನ್ನು ಆರಿಸುವುದೇ ಸರಿ.

ಪ್ರಶ್ನೆ: ಡಿಸೆಂಬರಿನಲ್ಲಿ ಸಂಡೂರಿನ ಬೆಟ್ಟಗಳ ಕಡೆ ಕಾರಿನಲ್ಲಿ ಮಕ್ಕಳೊಂದಿಗೆ ಒಂದು ರಾತ್ರಿ ತಂಗುವ ಆಸೆಯಿದೆ. ಇದಕ್ಕೆ 2 ಕಿಲೋವ್ಯಾಟಿನ ಹೀಟರ್ ಸಾಕೇ, 5 ಕಿಲೋವ್ಯಾಟಿನದು ಬೇಕೇ? (ಶಿಕ್ಷಕಿ, ಬಳ್ಳಾರಿ)

ಉತ್ತರ: ಯಾವುದೂ ಬೇಡ. ರಾಮನದುರ್ಗದ ನೆತ್ತಿಯೂ ಸಮುದ್ರಮಟ್ಟದಿಂದ ಸುಮಾರು 1,000 ಮೀಟರ್ ಎತ್ತರದಲ್ಲಿದೆ. ಅಲ್ಲಿನ ಚಳಿ ಕಾರಿನ ಗಾಜು ಮುಚ್ಚಿ ಮಲಗಿದವರನ್ನು ನಡುಗಿಸುವಂಥದ್ದಲ್ಲ. ಕುರಿ ಉಣ್ಣೆಯ ಒಳ್ಳೆಯ ಕಂಬಳಿಯನ್ನು ಹೊದೆಯಲು ಮಾತ್ರವಲ್ಲದೆ ಹಾಸಲು ಕೂಡ ಒಯ್ಯಿರಿ, ಏಕೆಂದರೆ ಕಾರಿನಲ್ಲಿ ಮಲಗಿದವರಿಗೆ ಚಳಿ ಹೆಚ್ಚಾಗಿ ಕೆಳಗಿನಿಂದ ಏರುತ್ತದೆ. ಡಿಸೆಂಬರ್ ವೇಳೆಗೆ ಬೆಟ್ಟದ ಹುಲ್ಲು ಒಣಗಿ ನಿಂತಿರುತ್ತದೆ. ಕಾಯ್ದ ಹೊಗೆಕೊಳವೆಯನ್ನು ಅಲ್ಲಿ ನೆಲಕ್ಕಿಡುವುದು ಕಾಡಿಗೆ ಕಿಚ್ಚು ಹಚ್ಚಿದಂತಾದೀತು. ಅರಣ್ಯ ಇಲಾಖೆಯ ಜಾಗವಾಗಿದ್ದರೆ ತಂಗುವ ಮೊದಲು ಅನುಮತಿ ಪಡೆಯಬೇಕೆಂಬುದನ್ನೂ ನೆನಪಿಡಿ.

ಪ್ರಶ್ನೆ: ಹೊರಡುವ ಮೊದಲು ಬಳ್ಳಾರಿಯಲ್ಲಿ ಗ್ಯಾರೇಜಿನ ಮುಂದೆ ಹೀಟರನ್ನು ಎರಡು ಸಲ ಓಡಿಸಿ ನೋಡಿದ್ದೆವು; ಹೊಗೆಯೇ ಕಾಣದಷ್ಟು ಚೆನ್ನಾಗಿ ಉರಿಯಿತು. ಲೇಹ್‌ನಲ್ಲಿ ಮೊದಲ ರಾತ್ರಿ ಕರಿಹೊಗೆ ಉಗುಳಿತು, ಎರಡನೆಯ ರಾತ್ರಿ ಹೊತ್ತಿಕೊಳ್ಳಲೇ ಇಲ್ಲ. ಯಂತ್ರವೇ ಕೆಟ್ಟದ್ದೋ, ನಾವು ಹಾಕಿದ ಡೀಸೆಲ್ ಕೆಟ್ಟದ್ದೋ? (ಓದುಗರೊಬ್ಬರು, ಕೌಲ್‌ಬಜಾರ್, ಬಳ್ಳಾರಿ)

ಉತ್ತರ: ನೀವು ಹೇಳುವ ಲಕ್ಷಣಗಳನ್ನು ನೋಡಿದರೆ ಎರಡೂ ಅಲ್ಲ, ಎತ್ತರವೇ ಕಾರಣವೆಂದು ತೋರುತ್ತದೆ. ಬಳ್ಳಾರಿ ಸಮುದ್ರಮಟ್ಟದಿಂದ 500 ಮೀಟರಿಗೂ ಕಡಿಮೆ ಎತ್ತರದಲ್ಲಿದೆ. ಲೇಹ್ ಸುಮಾರು 3,500 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಮೂರನೇ ಎರಡು ಭಾಗದಷ್ಟೇ. ಪಂಪು ಇಲ್ಲಿ ತಳ್ಳಿದಷ್ಟೇ ಡೀಸೆಲನ್ನು ಅಲ್ಲಿಯೂ ತಳ್ಳುತ್ತದೆ, ಆದರೆ ಅದನ್ನು ಪೂರ್ತಿ ಸುಡಲು ಬೇಕಾದ ಆಮ್ಲಜನಕ ಅದೇ ಪ್ರಮಾಣದ ಗಾಳಿಯಲ್ಲಿ ಇರುವುದಿಲ್ಲ. ಅರ್ಧ ಸುಟ್ಟ ಡೀಸೆಲ್ ಮಸಿಯಾಗಿ ದಹನ ಕೊಠಡಿಯ ಗೋಡೆಗೂ, ಗ್ಲೋ ಪ್ಲಗ್ಗಿನ ಸುತ್ತಲಿನ ಸಣ್ಣ ಜಾಲರಿಗೂ ಮೆತ್ತಿಕೊಳ್ಳುತ್ತದೆ. ಜಾಲರಿ ಕಟ್ಟಿಕೊಂಡ ಮೇಲೆ ಡೀಸೆಲ್ ಆವಿಯಾಗುವುದಿಲ್ಲ, ಆವಿಯಾಗದಿದ್ದರೆ ಬೆಂಕಿ ಹತ್ತುವುದಿಲ್ಲ. ಎರಡನೆಯ ರಾತ್ರಿ ನಿಮಗಾದದ್ದು ಇದೇ ಇರಬೇಕು. ಪೂರ್ತಿ ಸುಡದ ಬೆಂಕಿಯೇ ಕಾರ್ಬನ್ ಮೊನಾಕ್ಸೈಡನ್ನೂ ಹೆಚ್ಚು ಹುಟ್ಟಿಸುವುದರಿಂದ, ಕರಿಹೊಗೆ ಕಂಡ ಕೂಡಲೇ ಹೀಟರನ್ನು ನಿಲ್ಲಿಸಬೇಕು. ಬೆಚ್ಚಗಿದೆಯಲ್ಲ ಎಂದು ಮುಂದುವರಿಸಬಾರದು.

ವಾತಾವರಣದ ಒತ್ತಡವನ್ನು ತಾನೇ ಅಳೆದು ಡೀಸೆಲನ್ನು ತಗ್ಗಿಸುವ ಹೀಟರುಗಳಿವೆ. ಬೆಲೆ ಹೆಚ್ಚು, ಆದರೆ ಲಡಾಖ್‌ಗೆಂದೇ ಕೊಳ್ಳುವವರು ಆ ಬೆಲೆ ಕೊಡುವುದು ಯೋಗ್ಯವೆಂದು ನನ್ನ ಅಭಿಪ್ರಾಯ. ಅಗ್ಗದ ಕೆಲವು ಹೀಟರುಗಳಲ್ಲಿ ಪಂಪಿನ ವೇಗವನ್ನು ಕೈಯಿಂದಲೇ ಇಳಿಸಿ ಫ್ಯಾನಿನ ವೇಗವನ್ನು ಏರಿಸುವ ವ್ಯವಸ್ಥೆ ಇರುತ್ತದೆ. ಮನೆಯಲ್ಲಿರುವಾಗಲೇ ಕೈಪಿಡಿ ಓದಿ ಅದನ್ನು ಕಲಿತುಕೊಂಡು ಹೊರಡಬೇಕು. ಎತ್ತರದಲ್ಲಿ ಇಡೀ ರಾತ್ರಿ ಅತಿ ಸಣ್ಣ ಉರಿಯಲ್ಲಿ ಇಟ್ಟರೆ ಮಸಿ ಬೇಗ ಕಟ್ಟುತ್ತದೆ. ಮಲಗುವ ಮೊದಲು ಒಂದಿಷ್ಟು ಹೊತ್ತು ಜೋರಾಗಿ ಓಡಿಸಿ, ವಾಹನ ಬೆಚ್ಚಗಾದ ಮೇಲೆ ಆರಿಸಿ, ಒಳ್ಳೆಯ ಸ್ಲೀಪಿಂಗ್ ಬ್ಯಾಗಿನಲ್ಲಿ ಮಲಗುವುದು ಯಂತ್ರಕ್ಕೂ ಒಳ್ಳೆಯದು, ಮಲಗುವವರಿಗೂ ಒಳ್ಳೆಯದು. ಆರಿಸುವಾಗ ಬ್ಯಾಟರಿಯ ತಂತಿಯನ್ನು ನೇರವಾಗಿ ಕಿತ್ತುಬಿಡಬಾರದು. ಗುಂಡಿ ಒತ್ತಿದ ನಂತರವೂ ಫ್ಯಾನು ಕೆಲವು ನಿಮಿಷ ತಿರುಗಿ ಒಳಗಿನ ಕಾವನ್ನು ಹೊರಹಾಕುತ್ತದೆ. ಅದು ತಾನಾಗಿ ನಿಲ್ಲುವವರೆಗೆ ಕಾಯಬೇಕು.

ಡೀಸೆಲ್ಲಿನ ಬಗೆಗೂ ಒಂದು ಮಾತು. ನಮ್ಮ ಬಂಕುಗಳಲ್ಲಿ ಸಿಗುವ ಡೀಸೆಲ್ ಕಡುಚಳಿಯಲ್ಲಿ ಮೇಣದಂತೆ ಗಟ್ಟಿಯಾಗುತ್ತದೆ. ಲಡಾಖ್‌ನ ಚಳಿಗೆಂದೇ ಇಂಡಿಯನ್ ಆಯಿಲ್ ಸಂಸ್ಥೆ 2019ರ ನವೆಂಬರಿನಲ್ಲಿ, ಸೊನ್ನೆಗಿಂತ 33 ಡಿಗ್ರಿ ಕೆಳಗೂ ಹರಿಯಬಲ್ಲ ಚಳಿಗಾಲದ ಡೀಸೆಲನ್ನು ಹೊರತಂದಿತು. ಚಳಿಗಾಲದಲ್ಲಿ ಹೋದವರು ವಾಹನಕ್ಕೆ ಅದನ್ನು ಹಾಕಿಸಿಕೊಂಡರೂ, ಹೀಟರಿನ ಐದು ಲೀಟರಿನ ಸಣ್ಣ ಟ್ಯಾಂಕಿನಲ್ಲಿ ಊರಿನಿಂದ ತುಂಬಿಕೊಂಡು ಬಂದ ಡೀಸೆಲ್ ಹಾಗೆಯೇ ಉಳಿದಿರುತ್ತದೆ. ಆ ಟ್ಯಾಂಕನ್ನೂ ಅದರ ತೆಳುವಾದ ಕೊಳವೆಯನ್ನೂ ಖಾಲಿ ಮಾಡಿ ಮತ್ತೆ ತುಂಬಬೇಕು. ಏನೇ ಆದರೂ ಅದಕ್ಕೆ ಪೆಟ್ರೋಲ್ ಬೆರೆಸಬಾರದು.

ಪ್ರಶ್ನೆ: ನನ್ನ ಮಗ ಗೆಳೆಯರೊಂದಿಗೆ ಹಿಮಾಲಯಕ್ಕೆ ಹೊರಟಿದ್ದಾನೆ. ಎತ್ತರಕ್ಕೆ ಹೋದರೆ ತಲೆನೋವು ಎಲ್ಲರಿಗೂ ಬರುತ್ತದೆ, ಚಿಂತಿಸಬೇಡವ್ವ ಎನ್ನುತ್ತಾನೆ. ಹೀಟರಿನ ಹೊಗೆಯಿಂದಲೂ ತಲೆನೋವು ಬರುತ್ತದೆ ಎಂದು ಕೇಳಿದ್ದೇನೆ. ಯಾವುದು ಯಾವುದರಿಂದ ಎಂದು ತಿಳಿಯುವುದು ಹೇಗೆ? (ಗೃಹಿಣಿ, ಕುಷ್ಟಗಿ)

ಉತ್ತರ: ತಾಯಿ, ಈ ಸಲ ಬಂದ ಪತ್ರಗಳಲ್ಲಿ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆಯನ್ನು ನೀವು ಕೇಳಿದ್ದೀರಿ. ತಲೆನೋವು, ವಾಕರಿಕೆ, ತಲೆಸುತ್ತು, ಸುಸ್ತು ಇವೆಲ್ಲ ಎತ್ತರದ ಕಾಯಿಲೆಗೂ ಕಾರ್ಬನ್ ಮೊನಾಕ್ಸೈಡ್ ವಿಷಕ್ಕೂ ಸಮಾನವಾದ ಲಕ್ಷಣಗಳು. ಬರೀ ಲಕ್ಷಣ ನೋಡಿ ಬೇರ್ಪಡಿಸುವುದು ವೈದ್ಯರಿಗೂ ಸುಲಭವಲ್ಲ. ಮೊದಲೇ ಆಮ್ಲಜನಕ ಕಡಿಮೆಯಿರುವ ಜಾಗದಲ್ಲಿ ಈ ವಿಷ ಸೇರಿದರೆ ಹಾನಿಯೂ ಹೆಚ್ಚು. ಹೀಟರ್ ಉರಿಯುತ್ತಿರುವ ವಾಹನದಲ್ಲಿ ಯಾರಿಗಾದರೂ ತಲೆನೋವು ಬಂದರೆ ಅದನ್ನು ಹೊಗೆಯಿಂದಲೇ ಬಂದದ್ದೆಂದು ಭಾವಿಸಿ ನಡೆದುಕೊಳ್ಳುವಂತೆ ಮಗನಿಗೆ ಹೇಳಿ. ಹೀಟರ್ ನಿಲ್ಲಿಸಿ, ಬಾಗಿಲುಗಳನ್ನೆಲ್ಲ ತೆರೆದು, ಎಲ್ಲರೂ ಹೊರಗಿನ ಗಾಳಿಗೆ ಬರಬೇಕು. ಒಂದೇ ವಾಹನದಲ್ಲಿದ್ದ ಎಲ್ಲರಿಗೂ ಒಟ್ಟಿಗೇ ತಲೆನೋವು ಬಂದಿದ್ದರೆ, ಹೊರಗೆ ಬಂದ ಮೇಲೆ ಇಳಿಮುಖವಾದರೆ, ಅನುಮಾನ ಇನ್ನೂ ಗಟ್ಟಿ. ಯಾರಾದರೂ ಗೊಂದಲದಿಂದ ಮಾತನಾಡಿದರೆ ಅಥವಾ ಎಚ್ಚರ ತಪ್ಪಿದರೆ ಕಾರಣ ಯಾವುದೇ ಇರಲಿ, ತಕ್ಷಣ ಆಸ್ಪತ್ರೆಗೆ ಸಾಗಿಸಬೇಕು. ಹೀಟರ್ ಬಳಸಿದ್ದೆವು ಎಂಬುದನ್ನು ವೈದ್ಯರಿಗೆ ತಪ್ಪದೆ ಹೇಳಬೇಕು. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರನ್ನು ನಂಬಿ ಕೂರಬಾರದು, ಏಕೆಂದರೆ ಸಾಮಾನ್ಯ ಆಕ್ಸಿಮೀಟರ್ ಕಾರ್ಬನ್ ಮೊನಾಕ್ಸೈಡ್ ಅಂಟಿದ ರಕ್ತವನ್ನೂ ಆಮ್ಲಜನಕ ತುಂಬಿದ ರಕ್ತವೆಂದೇ ತೋರಿಸುತ್ತದೆ.

ಬ್ಯಾಟರಿಯಿಂದ ನಡೆಯುವ ಕಾರ್ಬನ್ ಮೊನಾಕ್ಸೈಡ್ ಅಲಾರಂ ಒಂದನ್ನು ಮಗನಿಗೆ ಕೊಡಿಸಿ. ಹೊಗೆ ಕಂಡಾಗ ಕೂಗುವ ಅಲಾರಂ ಬೇರೆ, ಇದು ಬೇರೆ. ಕೊಳ್ಳುವಾಗ ಕೇಳಿ ಕೊಳ್ಳಬೇಕು. ಮಲಗಿದವರ ತಲೆಯ ಎತ್ತರದಲ್ಲಿ ಅದನ್ನು ಇಟ್ಟು, ಹೊರಡುವ ಮೊದಲು ಪರೀಕ್ಷೆಯ ಗುಂಡಿ ಒತ್ತಿ ನೋಡಿರಲಿ. ಹೀಟರ್ ಕೈಕೊಟ್ಟ ರಾತ್ರಿ ಇದ್ದಿಲಿನ ಶಿಗಡಿಯನ್ನು ವಾಹನದೊಳಗೆ ಇಟ್ಟುಕೊಳ್ಳುವ ಯೋಚನೆ ಯಾರಿಗೂ ಬರಬಾರದು. ಮುಚ್ಚಿದ ಕೋಣೆಯಲ್ಲಿ ಶಿಗಡಿ ಇಟ್ಟು ಮಲಗಿ ಸತ್ತವರ ಸುದ್ದಿ ಉತ್ತರ ಭಾರತದಿಂದ ಚಳಿಗಾಲದಲ್ಲಿ ಮತ್ತೆ ಮತ್ತೆ ಬರುತ್ತಲೇ ಇದೆ.

ಪ್ರಶ್ನೆ: ನಮ್ಮ ಲಾರಿ ಅಕ್ಕಿ ಹೇರಿಕೊಂಡು ಉತ್ತರಕ್ಕೆ ಹೋಗುತ್ತದೆ. ಚಳಿಯಲ್ಲಿ ಡ್ರೈವರ್ ರಾತ್ರಿಯಿಡೀ ಎಂಜಿನ್ ಚಾಲೂ ಇಟ್ಟು ಕ್ಯಾಬಿನ್ನಿನಲ್ಲಿ ಮಲಗುತ್ತಾರೆ. ಹೀಟರ್ ಹಾಕಿಸಿದರೆ ಉಳಿತಾಯವೇ? ಬ್ಯಾಟರಿ ಇಳಿದುಹೋಗುವುದಿಲ್ಲವೇ? (ಲಾರಿ ಮಾಲೀಕರು, ಸಿಂಧನೂರು)

ಉತ್ತರ: ಉಳಿತಾಯವೇ. ಸಣ್ಣ ಉರಿಯಲ್ಲಿ 2 ಕಿಲೋವ್ಯಾಟಿನ ಹೀಟರಿಗೆ ಗಂಟೆಗೆ 100ರಿಂದ 200 ಮಿಲಿಲೀಟರ್ ಡೀಸೆಲ್ ಸಾಕಾಗುತ್ತದೆ. ಲಾರಿಯ ಎಂಜಿನ್ ನಿಂತಲ್ಲೇ ಓಡುವಾಗ ಅದರ ಹಲವು ಪಟ್ಟು ಕುಡಿಯುತ್ತದೆ. ಹೊತ್ತಿಕೊಳ್ಳುವಾಗ ಗ್ಲೋ ಪ್ಲಗ್ಗಿಗಾಗಿ ಕೆಲವು ನಿಮಿಷ 100 ವ್ಯಾಟಿಗೂ ಮೀರಿ ವಿದ್ಯುತ್ ಬೇಕಾಗುತ್ತದೆ, ಆಮೇಲೆ ಫ್ಯಾನು ಮತ್ತು ಪಂಪಿಗೆ 20ರಿಂದ 30 ವ್ಯಾಟ್. ಎಂಟು ಗಂಟೆಗೆ 24 ವೋಲ್ಟಿನಲ್ಲಿ ಹತ್ತು ಆಂಪಿಯರ್-ಅವರ್ ಆಸುಪಾಸು ಖರ್ಚಾಗುತ್ತದೆ. ಲಾರಿಯ ಬ್ಯಾಟರಿ ಆರೋಗ್ಯವಾಗಿದ್ದರೆ ಅದು ಭಾರವಲ್ಲ. ಆದರೆ 24 ವೋಲ್ಟಿನ ಹೀಟರನ್ನೇ ಕೊಳ್ಳಿ. 12 ವೋಲ್ಟಿನದನ್ನು ತಂದು ಎರಡು ಬ್ಯಾಟರಿಗಳ ಪೈಕಿ ಒಂದಕ್ಕೆ ಮಾತ್ರ ತಂತಿ ಜೋಡಿಸಿದರೆ ಒಂದು ಇಳಿದು, ಇನ್ನೊಂದು ಅತಿಯಾಗಿ ಚಾರ್ಜಾಗಿ, ಕೊನೆಗೆ ಎರಡೂ ಹಾಳಾಗುತ್ತವೆ.

ಲಾರಿಗೆ ಕಾಯಂ ಆಗಿ ಕೂರಿಸುವುದಾದರೆ ಹೊಗೆಕೊಳವೆ ಮತ್ತು ದಹನದ ಗಾಳಿಯ ಕೊಳವೆ ಎರಡೂ ಕ್ಯಾಬಿನ್ನಿನ ತಳದಿಂದ ಹೊರಗೆ ಇಳಿಯಬೇಕು, ಅವುಗಳ ಜೋಡಣೆಯೂ ತಳದ ಹೊರಬದಿಯಲ್ಲೇ ಇರಬೇಕು. ಚಾಸಿಗೆ ರಂಧ್ರ ಕೊರೆಯಬಾರದು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ವಾಹನದ ಮಾರ್ಪಾಡನ್ನು ನಿರ್ಬಂಧಿಸುವುದರಿಂದ ಕೆಲಸ ಮಾಡಿಸುವ ಮೊದಲು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ. ಬಂಕಿನೊಳಗೆ ಲಾರಿ ತಿರುಗಿಸುವ ಮೊದಲೇ ಹೀಟರ್ ಆರಿರಬೇಕೆಂದು ಡ್ರೈವರಿಗೆ ಕಟ್ಟುನಿಟ್ಟಾಗಿ ಹೇಳಿ. ಒಳಗೆ ಬೆಂಕಿ ಉರಿಯುತ್ತಿರುವ ಯಂತ್ರವದು.

ಪ್ರಶ್ನೆ: ಪ್ರವಾಸ ಮುಗಿಯಿತು, ಹೀಟರ್ ಅಟ್ಟದ ಮೇಲಿದೆ. ಮುಂದಿನ ವರ್ಷದವರೆಗೆ ಏನು ಮಾಡಬೇಕು? (ಓದುಗರೊಬ್ಬರು, ತೋರಣಗಲ್ಲು)

ಉತ್ತರ: ಟ್ಯಾಂಕಿನಲ್ಲಿ ಡೀಸೆಲ್ ಉಳಿಸಬೇಡಿ. ನಿಮ್ಮ ಕಡೆಯ ಕೆಂಪುಧೂಳು ಫ್ಯಾನಿನ ಎಲೆಗಳಲ್ಲಿ ಸೇರಿಕೊಳ್ಳುವುದರಿಂದ ಬಟ್ಟೆ ಸುತ್ತಿ, ಕೊಳವೆಗಳ ಬಾಯಿಗೆ ಮುಚ್ಚಳ ಹಾಕಿಡಿ. ತೆರೆದ ಕೊಳವೆಯಲ್ಲಿ ಕುಂಬಾರಹುಳು ಮಣ್ಣಿನ ಗೂಡು ಕಟ್ಟಿದರೆ ಹೊಗೆಗೆ ದಾರಿಯೇ ಇರುವುದಿಲ್ಲ. ತಿಂಗಳಿಗೊಮ್ಮೆ ಅಂಗಳದಲ್ಲಿಟ್ಟು, ಮುಚ್ಚಳ ತೆಗೆದು, ಸ್ವಲ್ಪ ಹೊಸ ಡೀಸೆಲ್ ಹಾಕಿ ಹತ್ತು ಹದಿನೈದು ನಿಮಿಷ ಜೋರಾದ ಉರಿಯಲ್ಲಿ ಓಡಿಸಿ. ಬಳ್ಳಾರಿಯ ಬಿಸಿಲಿನಲ್ಲಿ ಥರ್ಮೋಸ್ಟಾಟ್ ತಾನಾಗಿಯೇ ಉರಿಯನ್ನು ತಗ್ಗಿಸಿಬಿಡುತ್ತದೆ. ಹಾಗಾಗಿ ಬೆಳಗಿನ ಜಾವ ಓಡಿಸಿ, ಇಲ್ಲವೇ ಥರ್ಮೋಸ್ಟಾಟನ್ನು ಬಿಟ್ಟು ಉರಿಯ ಮಟ್ಟವನ್ನು ಕೈಯಿಂದ ಗೊತ್ತುಪಡಿಸಿ. ಮುಂದಿನ ಸಲ ಹೊರಡುವ ಮೊದಲು ಹೊಗೆಕೊಳವೆಯನ್ನು ಬಿಚ್ಚಿ, ತುಕ್ಕು ಹಿಡಿದ ಅಥವಾ ಬಿರಿದ ಜಾಗವಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿ. ಇದ್ದರೆ ಅಂಟುಪಟ್ಟಿ ಸುತ್ತಬೇಡಿ, ಹೊಸ ಕೊಳವೆಯನ್ನೇ ಹಾಕಿ, ಕ್ಲಾಂಪನ್ನೂ ಬದಲಿಸಿ.