ಓದುಗರ ಪ್ರಶ್ನೆ: ಸಹಿ ದೆಹಲೀಲಿ, ಚರ್ಚೆ ಬ್ರಸೆಲ್ಸ್‌ನಲ್ಲಿ, ಬಿಸಿ ನಮ್ಮ ಕಾಫಿ ಕಣದಲ್ಲಿ

ಹೋದ ಸಂಚಿಕೇಲಿ ಕಾಡು ಕಡಿದು ಬೆಳೆದ ಮಾಲು ಬೇಡ ಅನ್ನೋ ಯುರೋಪಿನ ಕಾನೂನಿನ ಬಗ್ಗೆ ನಾಲ್ಕೇ ನಾಲ್ಕು ಸಾಲು ಬರೆದಿದ್ದೆ, ಅಷ್ಟಕ್ಕೇ ಇಷ್ಟು ಕಾಗದ ಬರುತ್ತೆ ಅಂತ ಅಂದ್ಕೊಂಡಿರ್ಲಿಲ್ಲ. ಬೈದು ಬರೆದವರೂ ಇದಾರೆ, ಇರಲಿ. ಜಾಗ ಇದ್ದಷ್ಟು ಉತ್ತರ ಕೊಡ್ತೀನಿ.

ಪ್ರಶ್ನೆ: ಸಾರ್, ನಮ್ದು ಪೊನ್ನಂಪೇಟೆ ಹತ್ರ ಏಳು ಎಕರೆ ರೋಬಸ್ಟಾ, ಮರಕ್ಕೆಲ್ಲ ಮೆಣಸು ಹಬ್ಬಿಸಿದೀವಿ, ಅಜ್ಜನ ಕಾಲದ ತೋಟ. ಈ ಸಲ ಕಾಫಿ ತಗೊಳ್ಳೋಕೆ ಬಂದ ಏಜೆಂಟ್ ಜಿಪಿಎಸ್ ಪಾಯಿಂಟ್ ಕೊಡಿ, ಪಹಣಿ ಕೊಡಿ, ಕೆಲಸದವರಿಗೆ ಸಂಬಳ ಕೊಟ್ಟಿದ್ದಕ್ಕೆ ಲೆಕ್ಕ ಕೊಡಿ ಅಂತಾನೆ. ಪಹಣೀಲಿ ಇರೋದು ಒಕ್ಕದವರ (ನಮ್ಮ ಮನೆತನದವರ) ಜಂಟಿ ಹೆಸರು. ನಮ್ಮ ಲೈನ್ ಮನೆ (ತೋಟದ ಕೆಲಸದವರ ಸಾಲುಮನೆ) ವಿಷಯ ಕೇಳೋಕೆ ಯುರೋಪಿನವರು ಯಾರು? ಇಂಥ ಒಪ್ಪಂದಕ್ಕೆ ನಮ್ಮ ಪಾರ್ಲಿಮೆಂಟ್ ಹೇಗೆ ಒಪ್ಕೊಂಡ್ತು?

ಉತ್ತರ: ಒಪ್ಕೊಂಡೇ ಇಲ್ಲ, ಯಾಕಂದ್ರೆ ಇದು ಒಪ್ಪಂದಾನೇ ಅಲ್ಲ. 2023ರಲ್ಲಿ ಯುರೋಪಿಯನ್ ಯೂನಿಯನ್ ತನ್ನ ಮಾರ್ಕೆಟ್‌ಗೆ ತಾನೇ ಮಾಡ್ಕೊಂಡ ಕಾನೂನು. ಕಾಫಿ, ಕೋಕೋ, ರಬ್ಬರ್, ಮರ, ಸೋಯಾ, ತಾಳೆಎಣ್ಣೆ, ದನ ಇವೇ ಅದರ ಪಟ್ಟಿ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದು ಮಾಡಿದ ತೋಟದ ಮಾಲು ಅಲ್ಲಿಗೆ ಹೋಗೋ ಹಾಗಿಲ್ಲ. ಜಾರಿ ದಿನಾಂಕ ಎರಡು ಸಲ ಮುಂದೆ ಹೋಯ್ತು, ಹಾಗಂತ ಕಾನೂನು ಎಲ್ಲೂ ಹೋಗಿಲ್ಲ.

ನಿಮ್ಮ ಏಳು ಎಕರೆ ನಾಲ್ಕು ಹೆಕ್ಟೇರಿನ ಒಳಗೇ ಬರುತ್ತೆ, ಹಾಗಾಗಿ ತೋಟದ ಸುತ್ತ ಫೋನ್ ಹಿಡ್ಕೊಂಡು ಗಡಿ ಅಳೆಯೋ ತಾಪತ್ರಯ ಇಲ್ಲ, ಒಂದು ಪಾಯಿಂಟ್ ಸಾಕು. ಜಂಟಿ ಪಹಣಿ ಇದ್ದ ಮಾತ್ರಕ್ಕೆ ತಪ್ಪು ಅಂತಲೂ ಇಲ್ಲ, ಆ ಜಾಗದಲ್ಲಿ ಬೆಳೆಯೋ ಹಕ್ಕು ನಮ್ಮ ಕಾನೂನಿನ ಪ್ರಕಾರ ನಿಮಗಿದ್ಯಾ ಅನ್ನೋದು ಅವರಿಗೆ ಬೇಕಾಗಿರೋದು. ಜಮ್ಮಾ ಬಾಣೆ (ಕೊಡಗಿನ ಹಳೇ ವಂಶಪಾರಂಪರ್ಯ ಹಿಡುವಳಿ) ಅಂದ್ರೇನು ಅಂತ ಬ್ರಸೆಲ್ಸ್‌ನಲ್ಲಿ ಕೂತವರಿಗೆ ಅರ್ಥ ಮಾಡಿಸೋದು ಬೇರೆ ಕಥೆ, ನಮ್ಮ ಕಂದಾಯ ಆಫೀಸಿನವರಿಗೇ ಅರ್ಥ ಮಾಡಿಸೋಕೆ ಎಷ್ಟು ತಲೆಮಾರು ಬೇಕಾಯ್ತು!

ಲೈನ್ ಮನೆ ವಿಷಯಕ್ಕೆ ಬರ್ತೀನಿ, ಸಿಟ್ಟು ಮಾಡ್ಕೋಬೇಡಿ. ಆ ಕಾನೂನು ಬರೀ ಕಾಡಿನದ್ದು ಅಂತ ಎಲ್ಲರೂ ತಿಳ್ಕೊಂಡಿದಾರೆ, ಆದ್ರೆ ಬೆಳೆದ ದೇಶದ ಕಾನೂನಿನ ಪ್ರಕಾರವೇ ಮಾಲು ಬೆಳೆದಿರಬೇಕು ಅನ್ನೋ ಷರತ್ತೂ ಅದರಲ್ಲಿದೆ, ಆ ಪಟ್ಟೀಲಿ ಭೂಮಿ ಹಕ್ಕು, ಕಾರ್ಮಿಕರ ಹಕ್ಕು, ಮಾನವ ಹಕ್ಕು ಎಲ್ಲ ಸೇರಿದೆ. ಅಂದ್ರೆ ಅವರು ಹೊಸ ರೂಲ್ ಏನೂ ತಂದು ಹಾಕಿಲ್ಲ, ನಿಮ್ಮ ದೇಶದ ಕಾನೂನನ್ನ ನೀವು ಪಾಲಿಸ್ತಿದೀರಾ ಅಂತ ಕೇಳ್ತಿದಾರೆ. ಪ್ರಶ್ನೆ ಚುಚ್ಚೋದು ಅದಕ್ಕೇ ಅನ್ಸುತ್ತೆ.

ಪ್ರಶ್ನೆ: ನಾನು ಮಡಿಕೇರಿಯವಳು, ಲಾ ಓದ್ತಿದೀನಿ. ವಿದೇಶಿ ವ್ಯಾಪಾರ ಒಪ್ಪಂದ ನಮ್ಮ ಪಾರ್ಲಿಮೆಂಟ್‌ನಲ್ಲಿ ಪಾಸ್ ಆಗಲೇಬೇಕು ಅಂತ ಫ್ರೆಂಡ್ ವಾದ ಮಾಡ್ತಾಳೆ, ಬೇಡ ಅಂತ ನಾನು. ಯಾರು ಸರಿ?

ಉತ್ತರ: ನೀನೇ ಸರಿ ತಂಗಿ, ಆದ್ರೆ ಗೆದ್ದೆ ಅಂತ ಹಿಗ್ಗೋ ವಿಷಯ ಅಲ್ಲ ಇದು.

ಒಪ್ಪಂದ ಮಾಡೋದು ಸಂವಿಧಾನದ ಕೇಂದ್ರ ಪಟ್ಟಿಯ 14ನೇ ವಿಷಯ, ಕೇಂದ್ರ ಸರ್ಕಾರ ತನ್ನ ಕಾರ್ಯಾಂಗದ ಅಧಿಕಾರದಲ್ಲೇ ಸಹಿ ಹಾಕುತ್ತೆ, ಸದನದ ಒಪ್ಪಿಗೆ ತಗೋಬೇಕು ಅಂತ ಸಂವಿಧಾನದಲ್ಲಿ ಎಲ್ಲೂ ಇಲ್ಲ. 253ನೇ ವಿಧಿ ಬರೋದು ಸಹಿ ಆದ ಮೇಲೆ: ಒಪ್ಪಂದ ಜಾರಿಗೆ ತರೋಕೆ ಪಾರ್ಲಿಮೆಂಟ್ ಕಾನೂನು ಮಾಡಬಹುದು, ವಿಷಯ ರಾಜ್ಯ ಪಟ್ಟೀದೇ ಆಗಿದ್ರೂ ಸರಿ. ಕೃಷಿ ರಾಜ್ಯದ್ದು ಅಂತ ಓದ್ತೀವಲ್ಲ, ಇಲ್ಲಿ ಆ ಮಾತು ನಡೆಯಲ್ಲ. 1969ರ ಮಗನ್‌ಭಾಯಿ ಕೇಸಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಇದೇ ದಾರಿ, ನಾಗರಿಕರ ಹಕ್ಕು ಮೊಟಕಾಗೋದಿದ್ರೆ, ಇಲ್ಲಾ ಇರೋ ಕಾನೂನು ಬದಲಾಗಬೇಕಿದ್ರೆ ಆಗ ಮಾತ್ರ ಶಾಸನ ಬೇಕು.

ಕಾನೂನು ಬೇಕಾದಾಗ ಏನಾಗುತ್ತೆ ಅನ್ನೋಕೆ ಪೇಟೆಂಟ್ ಕಥೆ ನೋಡು. ವಿಶ್ವ ವ್ಯಾಪಾರ ಸಂಸ್ಥೆ 1995ರ ಜನವರಿ 1ಕ್ಕೆ ಶುರುವಾಯ್ತು, ಅದರ ಒಪ್ಪಂದಕ್ಕೆ ತಕ್ಕ ಹಾಗೆ ಪೇಟೆಂಟ್ ಕಾನೂನು ತಿದ್ದೋಕೆ ಸರ್ಕಾರ ಹಿಂದಿನ ದಿನವೇ ಸುಗ್ರೀವಾಜ್ಞೆ ತಂತು, ಅದು ಬಿದ್ದುಹೋಯ್ತು, ಮಸೂದೆ ಲೋಕಸಭೇಲಿ ಪಾಸಾಗಿ ರಾಜ್ಯಸಭೇಲಿ ಸಿಕ್ಕಾಕ್ಕೊಂಡು ಕೂತ್ಕೊಂಡ್ತು. ಅಮೆರಿಕ ನಮ್ಮ ಮೇಲೆ ವಿಶ್ವ ವ್ಯಾಪಾರ ಸಂಸ್ಥೇಲೇ ಕೇಸ್ ಹಾಕಿ ಗೆದ್ದ ಮೇಲೆ 1999ರಲ್ಲಿ ತಿದ್ದುಪಡಿ ಆಯ್ತು. ಸದನ ಬೇಡ ಅಂದ್ರೂ ಸಹಿ ಮಾತ್ರ ಹಿಂದಕ್ಕೆ ಬರಲಿಲ್ಲ ನೋಡು.

ಕಾಫಿ, ಮೆಣಸಿಗೆ ಅಷ್ಟೂ ಆಗಲ್ಲ. ಆಮದು ಸುಂಕ ಇಳಿಸೋಕೆ ಮಸೂದೆ ಬೇಡ, 1962ರ ಕಸ್ಟಮ್ಸ್ ಕಾಯ್ದೆ ಅಡಿ ಒಂದು ಅಧಿಸೂಚನೆ ಸಾಕು. 2009ರ ಆಗಸ್ಟ್ 13ಕ್ಕೆ ಆಗ್ನೇಯ ಏಷ್ಯಾದ ಆಸಿಯಾನ್ ದೇಶಗಳ ಜೊತೆ ಒಪ್ಪಂದಕ್ಕೆ ಸಹಿ ಬಿತ್ತು, 2010ರ ಜನವರಿಗೆ ಜಾರಿ. ಹಂತ ಹಂತವಾಗಿ 2019ರ ಕೊನೆ ಹೊತ್ತಿಗೆ ಕಾಫಿ ಸುಂಕ ನೂರರಿಂದ 45 ಪರ್ಸೆಂಟಿಗೆ, ಮೆಣಸಿಂದು 70ರಿಂದ 50ಕ್ಕೆ ಇಳೀಬೇಕು ಅಂತ ಅದರಲ್ಲೇ ಬರೆದಿತ್ತು. ಪಕ್ಕದ ಕೇರಳ ಸರ್ಕಾರ ಬೊಬ್ಬೆ ಹಾಕ್ತು. ಈ ಒಪ್ಪಂದ ಬೇಕಾ ಬೇಡ್ವಾ ಅಂತ ಸದನದಲ್ಲಿ ಕೈ ಎತ್ತಿಸೋ ಪ್ರಶ್ನೆಯೇ ಬರಲಿಲ್ಲ. ನಮ್ಮವರೇ ಆದ ನ್ಯಾಯಮೂರ್ತಿ ಎಂ.ಎನ್. ವೆಂಕಟಾಚಲಯ್ಯನವರ ಸಂವಿಧಾನ ಪರಾಮರ್ಶೆ ಆಯೋಗ 2002ರ ವರದೀಲಿ, ರಾಜ್ಯ ಪಟ್ಟಿಯ ವಿಷಯಕ್ಕೆ ತಟ್ಟೋ ಒಪ್ಪಂದ ಆದ್ರೆ ಸಹಿಗೆ ಮೊದಲು ಅಂತರರಾಜ್ಯ ಮಂಡಳೀಲಿ ಸಮಾಲೋಚನೆ ಮಾಡೋದನ್ನ ಯೋಚಿಸಿ ಅಂತ ಹೇಳಿತ್ತು. ಹೇಳಿತ್ತು, ಅಷ್ಟೆ.

ಬೇರೆ ಕಡೆ ಹೇಗೆ ಅಂದ್ರೆ, ಯುರೋಪಿಯನ್ ಪಾರ್ಲಿಮೆಂಟ್ ಒಪ್ಪದೆ ಅಲ್ಲಿ ವ್ಯಾಪಾರ ಒಪ್ಪಂದ ಆಗಲ್ಲ. ನಕಲಿ ಮಾಲು ತಡೆಯೋಕೆ ಅಂತ ಮಾಡಿದ್ದ ಆಕ್ಟಾ ಒಪ್ಪಂದವನ್ನ 2012ರ ಜುಲೈನಲ್ಲಿ 478-39 ವೋಟಲ್ಲಿ ಎತ್ತಿ ಬಿಸಾಕಿದ್ರು. ಬ್ರಿಟನ್‌ನಲ್ಲಿ 2010ರ ಕಾಯ್ದೆ ಪ್ರಕಾರ ಒಪ್ಪಂದ 21 ಕಲಾಪ ದಿನ ಸದನದ ಮುಂದೆ ಇರಬೇಕು, ಕೆಳಮನೆಯಾದ ಕಾಮನ್ಸ್ ಬೇಡ ಅಂದ್ರೆ ತಡೆ ಬೀಳುತ್ತೆ. ನರಮೇಧ ಮಾಡ್ತಿರೋ ದೇಶದ ಜೊತೆ ವ್ಯಾಪಾರ ಒಪ್ಪಂದ ರದ್ದಾಗೋ ಹಾಗೆ ಮಾಡಿ ಅಂತ ಮೇಲ್ಮನೆಯಾದ ಲಾರ್ಡ್ಸ್ ಸಭೆ ಅಲ್ಲಿನ ವ್ಯಾಪಾರ ಮಸೂದೆಗೆ ತಿದ್ದುಪಡಿ ಸೇರಿಸಿತ್ತು, 2021ರ ಜನವರಿ 19ರಂದು ಕಾಮನ್ಸ್‌ನಲ್ಲಿ 319-308ಕ್ಕೆ ಬಿದ್ದುಹೋಯ್ತು. ಬರೀ ಹನ್ನೊಂದು ವೋಟು! ಸೋತ್ರೂ ಯಾವ ಸಂಸದ ಯಾವ ಕಡೆ ಕೈ ಎತ್ತಿದ ಅಂತ ದಾಖಲೆ ಉಳೀತು. ನಮ್ಮಲ್ಲಿ ಇಲ್ದಿರೋದು ಅದೇ, ನನ್ನ ತಕರಾರೂ ಅಷ್ಟೇ.

ಪ್ರಶ್ನೆ: ಶ್ರೀಲಂಕಾ ಮೆಣಸು ಬಂದು ನಮ್ಮ ಮೆಣಸಿನ ರೇಟ್ ಬಿದ್ದಿದ್ದೂ ಇದೇ ಥರ ಒಪ್ಪಂದದಿಂದಾನಾ? (ಗೋಣಿಕೊಪ್ಪದಿಂದ)

ಉತ್ತರ: ಹೌದು, ಶ್ರೀಲಂಕಾ ಜೊತೆಗಿನ ಮುಕ್ತ ವ್ಯಾಪಾರ ಒಪ್ಪಂದ, 1998ರ ಡಿಸೆಂಬರ್‌ನಲ್ಲಿ ಸಹಿ, 2000ದ ಮಾರ್ಚಿಂದ ಜಾರಿ. ವಿಯೆಟ್ನಾಂ ಮೆಣಸು ಶ್ರೀಲಂಕಾ ಲೇಬಲ್ ಹಚ್ಕೊಂಡು ಬರ್ತಿದೆ ಅಂತ ಬೆಳೆಗಾರರು ವರ್ಷಗಟ್ಟಲೆ ಕೂಗಿದ ಮೇಲೆ 2017ರ ಡಿಸೆಂಬರ್‌ನಲ್ಲಿ ಕೇಂದ್ರ ಕೆಜಿಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ಇಟ್ಟಿತು. ಅದೂ ಅಧಿಸೂಚನೆಯಲ್ಲೇ. ಬಂದ ದಾರೀಲೇ ಮದ್ದೂ ಬಂತು ಅನ್ನಿ.

ಪ್ರಶ್ನೆ: ನಾನು ಸಿದ್ದಾಪುರ ಕಡೆ ಲೈನ್ ಮನೇಲಿ ಹುಟ್ಟಿ ಬೆಳೆದವನು, ಅಪ್ಪ ಈಗಲೂ ಅದೇ ತೋಟದಲ್ಲಿ. ಅಜ್ಜ ಮದುವೆಗೆ ಅಂತ ತಗೊಂಡ ಅಡ್ವಾನ್ಸ್ ಇನ್ನೂ ತೀರಿಲ್ಲ ಅಂತಾರೆ ಧಣಿ, ಬೇರೆ ತೋಟಕ್ಕೆ ಹೋಗೋಕೆ ಬಿಡಲ್ಲ. ಯುರೋಪಿನ ಕಾನೂನು ಬಂದ್ರೆ ನಮಗೇನಾದ್ರೂ ಆಗುತ್ತಾ ಸಾರ್?

ಉತ್ತರ: ಈ ಕಾಗದ ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ಮೇಲಿನ ಮೊದಲ ಪ್ರಶ್ನೆ ಕೇಳಿದವರೂ ಇದನ್ನ ಓದ್ಲಿ.

ತಮ್ಮಾ, ಯುರೋಪಿಗೆ ಕಾಯಬೇಡ. ಜೀತ ಪದ್ಧತಿ ರದ್ದು ಮಾಡೋ ಕಾಯ್ದೆ 1976ರಲ್ಲೇ ನಮ್ಮ ಪಾರ್ಲಿಮೆಂಟ್ ಪಾಸ್ ಮಾಡಿದೆ. ಸಾಲ ತೋರಿಸಿ ಬೇರೆ ಕಡೆ ಕೆಲಸಕ್ಕೆ ಹೋಗದ ಹಾಗೆ ಕಟ್ಟಿಹಾಕೋದು ಆ ಕಾಯ್ದೆ ಪ್ರಕಾರ ಜೀತ. ಅಂಥ ಸಾಲ ಕಾನೂನಿನ ಕಣ್ಣಲ್ಲಿ ಸತ್ತುಹೋಗಿದೆ, ವಾಪಸ್ ಕೇಳೋ ಹಕ್ಕು ಯಾರಿಗೂ ಇಲ್ಲ, ಅಜ್ಜಂದು ಮೊಮ್ಮಗನ ಮೇಲೆ ಹಾಕೋದಂತೂ ದೂರದ ಮಾತು. ಕನಿಷ್ಠ ಕೂಲಿಗಿಂತ ಕಮ್ಮಿ ಕೊಟ್ಟು ದುಡಿಸಿದ್ರೂ ಸಂವಿಧಾನದ 23ನೇ ವಿಧಿ ಪ್ರಕಾರ ಬಲವಂತದ ದುಡಿಮೆ ಅಂತ 1982ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ದೆಹಲೀಲಿ ಏಷ್ಯಾಡ್‌ಗೆ ಕಟ್ಟಡ ಕಟ್ಟಿದ ಕೂಲಿಯವರ ಕೇಸಲ್ಲಿ. ಡಿಸಿ ಇಲ್ಲಾ ಎಸಿ ಆಫೀಸಿಗೆ ಬರವಣಿಗೇಲಿ ಅರ್ಜಿ ಕೊಡು, ಸ್ವೀಕೃತಿ ತಗೋ, ಬಾಯಲ್ಲಿ ಹೇಳಿ ಬರಬೇಡ. ಒಬ್ಬನೇ ಹೋಗೋದಕ್ಕಿಂತ ನಾಲ್ಕು ಜನ ಸೇರಿ ಹೋಗಿ. ವಕೀಲರ ಫೀಸ್ ಚಿಂತೆ ಬೇಡ, ಮಡಿಕೇರಿ ಕೋರ್ಟಿನ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಫ್ರೀ.

ಹೊರಗಿನ ಕಾನೂನು ಏನು ಮಾಡುತ್ತೆ ಅಂದ್ರೆ, ಇಷ್ಟು ದಿನ ಯಾರೂ ಕೇಳದ ಲೆಕ್ಕ ಈಗ ಕಾಫಿ ತಗೊಳ್ಳೋವನೇ ಕೇಳ್ತಾನೆ. ಬಲವಂತದ ದುಡಿಮೆಯಿಂದ ಬಂದ ಮಾಲನ್ನೇ ನಿಷೇಧಿಸೋ ಇನ್ನೊಂದು ಯುರೋಪಿನ ಕಾನೂನು 2027ರ ಡಿಸೆಂಬರ್ 14ರಿಂದ ಜಾರಿಗೆ ಬರುತ್ತೆ. ಅದರಿಂದ ಧಣಿಗೆ ಭಯ ಹುಟ್ಟಬಹುದು, ನಿನ್ನ ಅಪ್ಪನ ಕೂಲಿ ಜಾಸ್ತಿ ಆಗುತ್ತಾ ಅಂದ್ರೆ ನಾನು ಗ್ಯಾರಂಟಿ ಕೊಡಲ್ಲ, ಎಷ್ಟೋ ಕಡೆ ಕಾಗದ ಮಾತ್ರ ನೀಟಾಗುತ್ತೆ.

ಪ್ರಶ್ನೆ: ನಮ್ಮ ಎಂಪಿ ಕೈಯಲ್ಲಿ ಇದನ್ನೆಲ್ಲ ಕೇಳಿಸೋದು ಹೇಗೆ? (ಸುಂಟಿಕೊಪ್ಪ)

ಉತ್ತರ: ಮೈಸೂರು-ಕೊಡಗು ಒಂದೇ ಕ್ಷೇತ್ರ, ಇಲ್ಲಿನ ವೋಟು ಕಮ್ಮಿ, ಹಾಗಾಗಿ ಕಾಗದ ಗಟ್ಟಿ ಇರಬೇಕು. ಲೋಕಸಭೇಲಿ ದಿನಕ್ಕೆ 20 ಚುಕ್ಕೆ ಗುರುತಿನ ಪ್ರಶ್ನೆ (ಸಚಿವರು ಬಾಯಲ್ಲೇ ಉತ್ತರ ಕೊಡೋದು), 230 ಲಿಖಿತ ಉತ್ತರದ್ದು, ಹದಿನೈದು ದಿನ ಮೊದಲೇ ನೋಟಿಸ್ ಕೊಡಬೇಕು, ಅಂದ್ರೆ ಅಧಿವೇಶನ ಶುರುವಾದ ಮೇಲೆ ಓಡಿದ್ರೆ ಉಪಯೋಗ ಇಲ್ಲ. ಲಿಖಿತದ್ದೇ ಕೇಳ್ಸಿ, ಉತ್ತರ ಕಾಗದದಲ್ಲಿ ಸಿಗುತ್ತೆ. ಕಾಫಿ ಬೆಳೆಗಾರರಿಗೆ ಸರ್ಕಾರ ಏನು ಮಾಡ್ತಿದೆ ಅಂತ ಮಾತ್ರ ಕೇಳಿಸಬೇಡಿ, ಎರಡು ಪುಟ ಯೋಜನೆಗಳ ಹೆಸರು ಬರುತ್ತೆ. ಯುರೋಪಿಗೆ ಹೋಗೋ ಕಾಫಿಗೆ ಜಿಪಿಎಸ್ ನೋಂದಣಿ ಆದ ಕೊಡಗಿನ ತೋಟ ಎಷ್ಟು, ಜಿಲ್ಲೇಲಿ ಜೀತದಿಂದ ಬಿಡುಗಡೆ ಪತ್ರ ಸಿಕ್ಕವರು ಎಷ್ಟು ಜನ, ವರ್ಷವಾರು ಕೊಡಿ ಅಂತ ಕೇಳಿಸಿ. ಮೊದಲನೇದು ವಾಣಿಜ್ಯ ಸಚಿವಾಲಯಕ್ಕೆ, ಎರಡನೇದು ಕಾರ್ಮಿಕ ಸಚಿವಾಲಯಕ್ಕೆ, ಒಂದೇ ಕಾಗದದಲ್ಲಿ ಸೇರಿಸಬೇಡಿ. ಮಾಹಿತಿ ಸಂಗ್ರಹಿಸಲಾಗುತ್ತಿದೆ ಅಂತ ಉತ್ತರ ಬಂದ್ರೆ ಆ ಹಾಳೆ ನನಗೊಂದು ಕಾಪಿ ಕಳ್ಸಿ.