ಗೆಲ್ಲಿಸಿದವರ ಮಾತೋ, ಬೀಳಿಸಬಲ್ಲವರ ಮಾತೋ?

ಬೀಳಗಿ ತಾಲ್ಲೂಕಿನ ನಿವೃತ್ತ ಶಿಕ್ಷಕರೊಬ್ಬರು ಬರೆದ ಪತ್ರದ ಮುಖ್ಯ ಭಾಗ ಇದು: "2019ರಾಗ ಒಂದ ಪಕ್ಷಕ್ಕ 303 ಸೀಟು, 2024ರಾಗ ಅದಕ್ಕ 240. ನಮ್ಮೂರು ಮುಳುಗಡಿ ಪಟ್ಟಿಯೊಳಗ ಐತಿ. ಹೊಲಕ್ಕ ಹೊಸ ಪೈಪ್‌ಲೈನ್ ಹಾಕಿಸೂದೋ ಬ್ಯಾಡೋ ಅನ್ನೂದು ಆಗೂ ತಿಳೀಲಿಲ್ಲ, ಈಗೂ ತಿಳೀವಲ್ದು. ದಿಲ್ಲಿಯೊಳಗ ಸೀಟು ಹೆಚ್ಚು ಕಡಿಮಿ ಆದ್ರ ನಮಗೇನ್ರಿ ಸಂಪಾದಕರ? ಪ್ರಣಾಳಿಕಿ ಎಲ್ಲಾ ಓದೀನಿ. ಎಂಪಿ ಸಾಹೇಬ್ರು ಊರಿಗೆ ಬಂದ್ರ ಏನ್ ಕೇಳ್ಬೇಕು, ಅದನ್ನರ ಹೇಳ್ರಿ."

ಮಾಸ್ತರರೆ, ನಮಸ್ಕಾರ.

ಪ್ರಣಾಳಿಕೆ ಓದಿದ್ದು ಒಳ್ಳೆಯದೇ ಆಯಿತು. ಆದರೆ ಗೆದ್ದವರು ಅದರಲ್ಲಿ ಯಾವುದನ್ನು ಎತ್ತಿಕೊಳ್ಳುತ್ತಾರೆ, ಯಾವುದನ್ನು ಕಪಾಟಿಗೆ ಸೇರಿಸುತ್ತಾರೆ ಎಂಬುದು ಎಣಿಕೆಯ ದಿನ ಸಂಜೆಯವರೆಗೆ ಅವರಿಗೂ ಗೊತ್ತಿರುವುದಿಲ್ಲ. 1998ರಲ್ಲಿ 182 ಸೀಟು ಗೆದ್ದ ಬಿಜೆಪಿ ಮಿತ್ರಪಕ್ಷಗಳ ಜೊತೆ ಕೂತು ಆಡಳಿತದ ಕಾರ್ಯಸೂಚಿ ಬರೆದಾಗ ಅದರಲ್ಲಿ ಅಯೋಧ್ಯೆ ಇರಲಿಲ್ಲ, 370ನೇ ವಿಧಿ ಇರಲಿಲ್ಲ, ಸಮಾನ ನಾಗರಿಕ ಸಂಹಿತೆಯೂ ಇರಲಿಲ್ಲ. 2019ರಲ್ಲಿ 303 ಬಂದವು. ಮೇ 30ಕ್ಕೆ ಪ್ರಮಾಣವಚನ, ಆಗಸ್ಟ್ 5ಕ್ಕೆ 370ನೇ ವಿಧಿಯಡಿಯ ವಿಶೇಷ ಸ್ಥಾನಮಾನ ರದ್ದು. ಪಕ್ಷ ಅದೇ, ಬೇಡಿಕೆಯೂ ಅದೇ ಹಳೆಯದು. ಬದಲಾದದ್ದು ಲೆಕ್ಕ.

2024ರಲ್ಲಿ ಲೆಕ್ಕ ಮತ್ತೆ ತಿರುಗಿತು. ಬಹುಮತಕ್ಕೆ 272 ಬೇಕು, ಇದ್ದದ್ದು 240. ನಡುವಿನ ಕೊರತೆ ತುಂಬಿದವರಲ್ಲಿ ದೊಡ್ಡವರು ಇಬ್ಬರು: 16 ಸೀಟಿನ ತೆಲುಗುದೇಶಂ, 12 ಸೀಟಿನ ಜೆಡಿಯು. ಜೂನ್ 9ಕ್ಕೆ ಸರ್ಕಾರ ಬಂತು. ಜುಲೈ 23ರ ಬಜೆಟ್‌ನಲ್ಲಿ ಆಂಧ್ರದ ರಾಜಧಾನಿ ಅಮರಾವತಿಗೆ 15,000 ಕೋಟಿ, ಬಿಹಾರದ ರಸ್ತೆಗಳಿಗೆ 26,000 ಕೋಟಿ. (ಅಮರಾವತಿಯದು ಖಜಾನೆಯಿಂದ ನೇರ ಎಣಿಸಿ ಕೊಟ್ಟದ್ದಲ್ಲ, ವಿಶ್ವಬ್ಯಾಂಕಿನಂಥ ಸಂಸ್ಥೆಗಳ ಮೂಲಕ ಒದಗಿಸುತ್ತೇವೆ ಎಂದದ್ದು. ಆದರೂ ಬಜೆಟ್ ಭಾಷಣದಲ್ಲಿ ಊರಿನ ಹೆಸರು ಬಂತಲ್ಲ, ಅದೇ ಅರ್ಧ ಕೆಲಸ.)

ಈಗ ನಮ್ಮ ಕಡೆ ನೋಡಿ. ಅದೇ ಚುನಾವಣೆಯಲ್ಲಿ ಕರ್ನಾಟಕ ಅದೇ ಕೂಟಕ್ಕೆ ಕೊಟ್ಟದ್ದು 19 ಸೀಟು. ಬಿಜೆಪಿಯ 17, ಜೆಡಿಎಸ್‌ನ 2. ತೆಲುಗುದೇಶಂಗಿಂತ ಮೂರು ಜಾಸ್ತಿ! ಹಾಗಿದ್ದೂ ಯಾಕೆ ಆ ತೂಕ ಬರಲಿಲ್ಲ? ಹದಿನೇಳು ಜನ ಆಳುವ ಪಕ್ಷದವರೇ. ಅವರಲ್ಲಿ ಒಬ್ಬರು ಸಿಟ್ಟಾಗಿ ವಿಪ್ (ಪಕ್ಷದ ಆದೇಶ) ಮೀರಿ ಮತ ಹಾಕಿದರೆ 1985ರ ಪಕ್ಷಾಂತರ ನಿಷೇಧ ಕಾನೂನಿನಡಿ ಕೂತ ಸೀಟೇ ಹೋದೀತು. ಮಿತ್ರಪಕ್ಷಕ್ಕೆ ಆ ಹೆದರಿಕೆ ಇಲ್ಲ, ಬೆಂಬಲ ವಾಪಸ್ ಎಂದು ಒಂದು ಪತ್ರ ಕೊಟ್ಟರೆ ಆಯಿತು. ಮನೆಮಗನ ಸಿಟ್ಟಿಗಿಂತ ಬೀಗರ ಸಿಟ್ಟಿಗೆ ಎಲ್ಲ ಮನೆಯಲ್ಲೂ ಮರ್ಯಾದೆ ಹೆಚ್ಚು.

ಸೋತವರ ಮಾತೂ ಒಳಗೆ ಬರುತ್ತದೆ, ಅದನ್ನೂ ಹೇಳಬೇಕು. ಓದು ಮುಗಿಸಿದ ಹುಡುಗರಿಗೆ ಒಂದು ವರ್ಷದ ತರಬೇತಿ, ಜೊತೆಗೆ ದುಡ್ಡು ಎಂಬುದು 2024ರ ಕಾಂಗ್ರೆಸ್ ಪ್ರಣಾಳಿಕೆಯಲ್ಲಿತ್ತು. ಜುಲೈ ಬಜೆಟ್‌ನಲ್ಲಿ ದೊಡ್ಡ ಕಂಪನಿಗಳಲ್ಲಿ ತರಬೇತಿ, ತಿಂಗಳಿಗೆ 5,000 ರೂಪಾಯಿ ಎಂಬ ಯೋಜನೆಯಾಗಿ ಅದರ ಅಣ್ಣತಮ್ಮನಂಥದ್ದೊಂದು ಬಂತು. ಜಾತಿಗಣತಿ ವಿರೋಧ ಪಕ್ಷಗಳ ಘೋಷಣೆಯಾಗಿತ್ತು. 2025ರ ಏಪ್ರಿಲ್ 30ಕ್ಕೆ ಕೇಂದ್ರ ಸಂಪುಟದ ರಾಜಕೀಯ ವ್ಯವಹಾರಗಳ ಸಮಿತಿಯೇ ಅದಕ್ಕೆ ಒಪ್ಪಿತು, ಬಿಹಾರ ವಿಧಾನಸಭೆಯ ಚುನಾವಣೆ ಅದೇ ವರ್ಷ ಇತ್ತು.

ಇನ್ನು ಉಳ್ಳಾಗಡ್ಡಿಯ ಕಥೆ. ನನ್ನ ಮಟ್ಟಿಗೆ ನಿಮ್ಮ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ಇಲ್ಲ.

2023ರ ಡಿಸೆಂಬರ್ 8ಕ್ಕೆ ಕೇಂದ್ರ ಉಳ್ಳಾಗಡ್ಡಿ ರಫ್ತು ನಿಷೇಧಿಸಿತು. ಚುನಾವಣೆ ಎದುರಿಗಿತ್ತು, ಪೇಟೆಯಲ್ಲಿ ದರ ಏರಬಾರದಿತ್ತು. ಬಸವನ ಬಾಗೇವಾಡಿ, ಕೊಲ್ಹಾರದ ಕಡೆಯಿಂದ ಸೊಲ್ಲಾಪುರಕ್ಕೆ ಲಾರಿ ಹೇರಿದವರು ಆ ಚಳಿಗಾಲ ದಲಾಲರ ಅಂಗಡಿಯಿಂದ ತಂದ ಪಟ್ಟಿಗಳನ್ನು ನಾನು ನೋಡಿದ್ದೇನೆ. ಮೇಲೆ ಚೀಲ, ತೂಕ, ದರ. ಕೆಳಗೆ ಹಮಾಲಿ, ತೂಕದ ಖರ್ಚು, ಲಾರಿ ಬಾಡಿಗೆ ಒಂದೊಂದಾಗಿ ಕಳೆಯುತ್ತ ಬಂದು ಕೊನೆಯ ಸಾಲಿನಲ್ಲಿ ಗೋಣಿಚೀಲದ ರೊಕ್ಕವೂ ಹುಟ್ಟದಂಥ ಅಂಕಿ. ನಿಷೇಧ ತೆರವಾದದ್ದು 2024ರ ಮೇ 4ಕ್ಕೆ. ಬಾಗಲಕೋಟೆ, ವಿಜಯಪುರ, ಬೆಳಗಾವಿ, ಚಿಕ್ಕೋಡಿಯಲ್ಲಿ ಮತದಾನ ಮೇ 7ಕ್ಕೆ! ಅಷ್ಟರಲ್ಲಿ ಮಾಲು ಯಾರ ಕೈಯಲ್ಲಿತ್ತು ಎಂದು ನಿಮಗೆ ನಾನು ಹೇಳಬೇಕಿಲ್ಲ. ಅದೂ ಪೂರ್ತಿ ತೆರವಲ್ಲ, ಶೇ 40 ಸುಂಕ, ಮೇಲೆ ಕನಿಷ್ಠ ರಫ್ತು ದರ.

ಆ ಸಿಟ್ಟು ಮತಪೆಟ್ಟಿಗೆಯಲ್ಲಿ ಕಂಡದ್ದು ನಮ್ಮಲ್ಲಲ್ಲ, ನಾಸಿಕದಲ್ಲಿ. ಉಳ್ಳಾಗಡ್ಡಿ ಸೀಮೆಯ ನಾಸಿಕ, ದಿಂಡೋರಿ ಎರಡನ್ನೂ ಆಳುವ ಕೂಟ ಕಳೆದುಕೊಂಡಿತು. ದಿಂಡೋರಿಯಲ್ಲಿ ಸೋತವರು ಕೇಂದ್ರದ ರಾಜ್ಯ ಸಚಿವೆ. ಮಹಾರಾಷ್ಟ್ರ ವಿಧಾನಸಭೆಗೆ ಅದೇ ನವೆಂಬರ್‌ನಲ್ಲಿ ಮತದಾನ. ಸೆಪ್ಟೆಂಬರ್ 13ಕ್ಕೆ ಕನಿಷ್ಠ ರಫ್ತು ದರ ಹೋಯಿತು, ಸುಂಕ ಶೇ 20ಕ್ಕೆ ಇಳಿಯಿತು. 2025ರ ಏಪ್ರಿಲ್ 1ರಿಂದ ಸುಂಕವೇ ಇಲ್ಲ. ಅದರಿಂದ ಕೊಲ್ಹಾರದ ರೈತನಿಗೂ ಅನುಕೂಲವಾಯಿತು, ನಿಜ. ಆದರೆ ಅದು ನಾಸಿಕದವರ ಮತದಿಂದ ಆದದ್ದು. ನಮ್ಮ ಬಾಗಲಕೋಟೆ 2004ರಿಂದ ಐದೂ ಸಲ ಪಿ.ಸಿ. ಗದ್ದಿಗೌಡರ ಅವರನ್ನೇ ಕಳಿಸಿದೆ. ವಿಜಯಪುರ 1999ರಿಂದ ಒಂದೇ ಪಕ್ಷಕ್ಕೆ ಒಲಿದಿದೆ. ಇದು ತಪ್ಪು ಎನ್ನುತ್ತಿಲ್ಲ, ಮತ ನಿಮ್ಮದು. ಆದರೆ ಹೇಗಿದ್ದರೂ ಬರುವ ಸೀಟಿಗೆ ದಿಲ್ಲಿಯವರು ನಿದ್ದೆಗೆಡುವುದಿಲ್ಲ, ಯಾವ ಪಕ್ಷದವರೂ.

ಬರೀ ಸೋಲಿಸಿದರೂ ಆಗುವುದಿಲ್ಲ. ಚಿಕ್ಕೋಡಿ 2024ರಲ್ಲಿ ಬಿಜೆಪಿಯಿಂದ ಕಾಂಗ್ರೆಸ್ಸಿಗೆ ಹೋಯಿತು. ಆದರೂ 2025ರ ನವೆಂಬರ್‌ನಲ್ಲಿ ಅದೇ ಸೀಮೆಯ ಕಬ್ಬು ಬೆಳೆಗಾರರು ಗುರ್ಲಾಪುರ ಕ್ರಾಸಿನಲ್ಲಿ ಧರಣಿ ಕೂತಾಗ ಮಾತುಕತೆ ನಡೆಸಿ, ಕಟಾವು, ಸಾಗಣೆ ಖರ್ಚು ಬಿಟ್ಟು ಟನ್ನಿಗೆ 3,300 ಎಂದು ಮುಗಿಸಿದ್ದು ರಾಜ್ಯ ಸರ್ಕಾರ. ಕಬ್ಬಿನ ಎಫ್‌ಆರ್‌ಪಿ (ಕಾರ್ಖಾನೆ ಕೊಡಲೇಬೇಕಾದ ಕನಿಷ್ಠ ದರ) ಕಟ್ಟುವುದು ಕೇಂದ್ರ, ಹೆಚ್ಚುಕಡಿಮೆ ವರ್ಷ ವರ್ಷ ಏರಿಸುತ್ತದೆ, 2025-26ರ ಹಂಗಾಮಿಗೆ ಕ್ವಿಂಟಲ್‌ಗೆ 355ಕ್ಕೆ ಬಂದಿತ್ತು. ಸಕ್ಕರೆಯ ಕನಿಷ್ಠ ಮಾರಾಟ ದರ ಕಟ್ಟುವುದೂ ಕೇಂದ್ರವೇ. ಅದು 2019ರ ಫೆಬ್ರುವರಿಯಲ್ಲಿ ಕೆಜಿಗೆ 31ಕ್ಕೆ ನಿಂತದ್ದು ಗುರ್ಲಾಪುರದ ಹೋರಾಟದ ಹೊತ್ತಿಗೂ ಅಲ್ಲೇ ಇತ್ತು. ಸಕ್ಕರೆ ಕೊಳ್ಳುವವರು 543 ಕ್ಷೇತ್ರಗಳಲ್ಲೂ ಇದ್ದಾರೆ, ಕಬ್ಬು ಬೆಳೆಯುವವರು ಕೆಲವೇ ಕಡೆ.

ಇನ್ನು ನಿಮ್ಮೂರನ್ನು ಮುಳುಗಡೆ ಪಟ್ಟಿಗೆ ಸೇರಿಸಿದ ಆಲಮಟ್ಟಿ. ಕೃಷ್ಣಾ ನೀರಿನ ಹಂಚಿಕೆಯ ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ 2010ರ ಡಿಸೆಂಬರ್‌ನಲ್ಲಿ ತೀರ್ಪು ಕೊಟ್ಟಿತು, 2013ರ ನವೆಂಬರ್‌ನಲ್ಲಿ ಸ್ಪಷ್ಟೀಕರಣ ಕೊಟ್ಟಿತು. ಅಣೆಕಟ್ಟೆ 519.60 ಮೀಟರ್‌ನಿಂದ 524.256ಕ್ಕೆ ಏರಬಹುದು. ತೀರ್ಪು ಜಾರಿಯಾಗಲು ಕೇಂದ್ರ ಅದನ್ನು ಗೆಜೆಟ್‌ನಲ್ಲಿ ಪ್ರಕಟಿಸಬೇಕು. 2011ರಲ್ಲಿ ಸುಪ್ರೀಂ ಕೋರ್ಟ್ ಪ್ರಕಟಣೆಗೆ ತಡೆ ಕೊಟ್ಟಿದೆ. ಆದ್ದರಿಂದ ಎಲ್ಲವನ್ನೂ ಸೀಟಿನ ಲೆಕ್ಕಕ್ಕೆ ಹಚ್ಚುವುದು ಸರಿಯಲ್ಲ. ಬಿಜೆಪಿಗೆ 2014ರಲ್ಲಿ 282, 2019ರಲ್ಲಿ 303 ಇದ್ದಾಗಲೂ ಇದು ಜಗ್ಗಲಿಲ್ಲ. ಆದರೆ ಮಹದಾಯಿ ನದಿ ನೀರಿನ ತೀರ್ಪೂ ಕೋರ್ಟಿನಲ್ಲೇ ಇತ್ತು. 2020ರ ಫೆಬ್ರುವರಿಯಲ್ಲಿ ಕೋರ್ಟು ಅನುಮತಿ ಕೊಟ್ಟಿತು, ವಾರದೊಳಗೆ ಕೇಂದ್ರ ಗೆಜೆಟ್ ಹೊರಡಿಸಿತು. ಕೃಷ್ಣೆಯ ವಿಷಯಕ್ಕೆ ಅಂಥ ಅವಸರ ಕಾಣುವುದಿಲ್ಲ. ಈಗಂತೂ ಬೇಡ ಎನ್ನುವ ಆಂಧ್ರದ ಆಳುವ ಪಕ್ಷ ಕೇಂದ್ರ ಸರ್ಕಾರದ ಆಧಾರ. 2025ರ ಮೇನಲ್ಲಿ ಸಾಂಗ್ಲಿ, ಕೊಲ್ಹಾಪುರದ ನೆರೆ ಮುಂದಿಟ್ಟು ಎತ್ತರ ಬೇಡ ಎಂದು ಪತ್ರ ಬರೆದ ಮಹಾರಾಷ್ಟ್ರದ ಮುಖ್ಯಮಂತ್ರಿ ಆಳುವ ಪಕ್ಷದವರೇ. ಬೇಕು ಎನ್ನುತ್ತಿರುವುದು ವಿರೋಧ ಪಕ್ಷದ ಕರ್ನಾಟಕ ಸರ್ಕಾರ. ಈ ಜಾಗದಲ್ಲಿ ಯಾರನ್ನು ಕೂರಿಸಿದರೂ ಸುಮ್ಮನಿರುವುದೇ ಸುಲಭ ಎಂದುಕೊಳ್ಳುತ್ತಾರೆ.

ನಿಮ್ಮ ಪೈಪ್‌ಲೈನಿನ ಪ್ರಶ್ನೆ ಮಾತ್ರ ಪೂರ್ತಿ ದಿಲ್ಲಿಯದಲ್ಲ. ಪರಿಹಾರ ರಾಜ್ಯದ ಕೈಲಿದೆ. 2025ರ ಸೆಪ್ಟೆಂಬರ್‌ನಲ್ಲಿ ಸಂಪುಟ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣ ಬೇಸಾಯದ ಜಮೀನಿಗೆ 30 ಲಕ್ಷ ಎಂದು ತೀರ್ಮಾನಿಸಿದೆ. ಯಾವ ವರ್ಷ ಯಾವ ಊರಿನ ಜಮೀನಿಗೆ ಹಣ ಎಂಬುದನ್ನು ಶಾಸಕರ ಹತ್ತಿರ ಬರವಣಿಗೆಯಲ್ಲಿ ಕೇಳಿ.

ಎಂಪಿ ಸಾಹೇಬರು ಬಂದರೆ "ಆಲಮಟ್ಟಿ ಯಾವಾಗ?" ಎಂದು ಕೇಳಬೇಡಿ. ಕೇಂದ್ರ, ರಾಜ್ಯ, ಕೋರ್ಟು ಎಂದು ಮೂರು ಕಡೆ ಕೈ ತೋರಿಸಿ ಚಹಾ ಕುಡಿದು ಹೋಗುತ್ತಾರೆ. ತಡೆ ತೆರವಾದರೆ ನಮ್ಮ ಅಭ್ಯಂತರ ಇಲ್ಲ ಎಂದು ಕೇಂದ್ರ ಸುಪ್ರೀಂ ಕೋರ್ಟಿಗೆ ಬರೆದು ಕೊಟ್ಟಿದೆಯೇ, ಕೊಡಿ ಎಂದು ನೀವು ಲೋಕಸಭೆಯಲ್ಲಿ ಎದ್ದು ಕೇಳಿದ್ದು ಯಾವ ದಿನ, ಸಚಿವರು ಏನು ಉತ್ತರ ಕೊಟ್ಟರು, ಅದರ ಪ್ರತಿ ಕೊಡಿ ಎಂದು ಕೇಳಿ. ಕೇಳುವಾಗ ಪಕ್ಕದ ನಾಲ್ಕು ಊರಿನವರೂ ಜೊತೆಗಿರಲಿ, ಅದರಲ್ಲಿ ಹೋದ ಸಲ ಅವರಿಗೇ ಮತ ಹಾಕಿದವರು ಹೆಚ್ಚಿದ್ದರೆ ಇನ್ನೂ ಒಳ್ಳೆಯದು.

— ಸಂಪಾದಕ