ಬಳ್ಳಾರಿಯಲ್ಲಿ ಪೋರ್ಟಿಕೋ ಮುಂದಕ್ಕೆ ತಂದು ಕೋಣೆ ಮಾಡಿಕೊಳ್ಳಲು ಪರವಾನಗಿ ಬೇಕೇ? ಛಾವಣಿಗೆ ಥರ್ಮೋಕೋಲ್ ಸಾಕೇ, ಪಫ್ ಪ್ಯಾನೆಲ್ ಹಾಕಿಸಬೇಕೇ?

30×40 ನಿವೇಶನ, ಪಶ್ಚಿಮ ದಿಕ್ಕಿನ ಬಾಗಿಲು, ಮುಂದೆ ಪೋರ್ಟಿಕೋ. ನೀವು ಬರೆದಿರುವುದು ನಮ್ಮ ಮನೆಯ ವಿವರವೇ. ಥರ್ಮೋಕೋಲೋ, ಪಫ್ ಪ್ಯಾನೆಲ್ಲೋ (ಎರಡು ತಗಡಿನ ನಡುವೆ ಗಟ್ಟಿ ಫೋಮ್ ತುಂಬಿದ ಹಲಗೆ) ಎಂಬ ಚರ್ಚೆ ಆಮೇಲಿನದು. ಮೊದಲನೆಯದಾಗಿ, ಪೋರ್ಟಿಕೋವನ್ನು ಮುಚ್ಚಲೇಬೇಡಿ.

ಮಗಳ ಓದಿಗೆ ಕೋಣೆ ಬೇಕಿತ್ತು. ಕಾಂಪೌಂಡಿನವರೆಗೂ ಕಬ್ಬಿಣದ ಪೈಪು ನಿಲ್ಲಿಸಿ ಮೇಲೆ ತಗಡಿನ ಶೀಟು, ಅದರ ಕೆಳಗೆ ಎರಡು ಇಂಚಿನ ಥರ್ಮೋಕೋಲ್, ಅದು ಕಾಣದಂತೆ ಜಿಪ್ಸಂ ಸೀಲಿಂಗ್ ಮಾಡಿಸಿದೆವು. ಸುತ್ತ ನಾಲ್ಕು ಇಂಚಿನ ಬ್ಲಾಕ್ ಗೋಡೆ, ರಸ್ತೆಯ ಕಡೆಗೆ ಅಗಲವಾದ ಗಾಜಿನ ಕಿಟಕಿ. ಚಳಿಗಾಲದಲ್ಲಿ ಕೆಲಸ ಮುಗಿದಿತ್ತು. ನೋಡಲು ಬಂದವರೆಲ್ಲ ಹೊಗಳಿ ಹೋದರು. ಏಪ್ರಿಲ್ ಬರುವವರೆಗೆ ನಾವೂ ಬೀಗುತ್ತಿದ್ದೆವು.

ಮಧ್ಯಾಹ್ನ ಎರಡರ ನಂತರ ಬಿಸಿಲು ಛಾವಣಿಯ ಜೊತೆಗೆ ಪಶ್ಚಿಮದ ಗೋಡೆಗೂ ಬೀಳುತ್ತದೆ. ಥರ್ಮೋಕೋಲ್ ಮೇಲಿನ ಶಾಖವನ್ನೇನೋ ತಡೆಯಿತು, ಆದರೆ ಗಾಜಿನಿಂದ ಬಿಸಿಲು ಒಳಗೇ ಬಂದು ಕುಳಿತಿತು. ಸಂಜೆ ಏಳಕ್ಕೆ ಗೋಡೆಯ ಒಳಮೈ ಮುಟ್ಟಿದರೆ ಈಗಷ್ಟೇ ಇಳಿಸಿದ ರೊಟ್ಟಿ ಹಂಚಿನಂತೆ ಕಾವು. ಇನ್ನೊಂದು ಸಂಗತಿಯನ್ನು ನಮಗೆ ಯಾರೂ ಹೇಳಲಿಲ್ಲ: ಶಾಖ ಒಳಗೆ ಬರುವುದನ್ನು ತಡೆಯುವ ಪದರವೇ ಅದು ಹೊರಗೆ ಹೋಗುವುದನ್ನೂ ತಡೆಯುತ್ತದೆ. ಬರಿಯ ತಗಡಾಗಿದ್ದರೆ ಹಗಲು ಕಾದರೂ ರಾತ್ರಿ ಆಕಾಶಕ್ಕೆ ಶಾಖ ಬಿಟ್ಟು ಬೇಗ ಆರುತ್ತಿತ್ತು. ನಮ್ಮ ಕೋಣೆ ನಡುರಾತ್ರಿಯಾದರೂ ಆರಲಿಲ್ಲ. ಅದಕ್ಕಿಂತ ದೊಡ್ಡ ನಷ್ಟ ಹಜಾರದ್ದು. ಅದರ ಕಿಟಕಿ ತೆರೆಯುತ್ತಿದ್ದುದು ಪೋರ್ಟಿಕೋಗೆ. ಅಲ್ಲಿಂದ ಬಂದ ಗಾಳಿ ಅಡುಗೆಮನೆಯ ಹಿಂಬಾಗಿಲಿನಿಂದ ಹೊರಹೋಗುತ್ತಿತ್ತು. ಆ ದಾರಿಗೇ ಗೋಡೆ ಕಟ್ಟಿದ್ದೆವು. ಮನೆಯ ಮುಖಕ್ಕೆ ಬಿಸಿಲು ತಾಗದಂತೆ ಕಾಯುತ್ತಿದ್ದುದು ಆ ತೆರೆದ ನೆರಳು. ಅದನ್ನು ಕಿತ್ತುಹಾಕಿ ಅದರ ಜಾಗಕ್ಕೆ ದುಡ್ಡು ಕೊಟ್ಟು ಥರ್ಮೋಕೋಲ್ ತಂದೆವು. ಸೀಲಿಂಗ್ ಒಳಗೆ ಇಲಿಗಳು ಸಂಸಾರ ಹೂಡಿದ್ದು ಬೇರೆ ಕಥೆ.

ಇನ್ನು ಕಾನೂನಿನ ಮಾತು. ಮನೆಗಳ ಇಂಧನ ಉಳಿತಾಯಕ್ಕೆಂದು ಕೇಂದ್ರ ತಂದ ಇಕೋ ನಿವಾಸ್ ಸಂಹಿತೆ (2018) ಛಾವಣಿಯ ಯು-ಮೌಲ್ಯ, ಅಂದರೆ ಶಾಖ ಅದರ ಮೂಲಕ ಎಷ್ಟು ಸುಲಭವಾಗಿ ಹಾಯುತ್ತದೆ ಎಂಬ ಅಳತೆ, 1.2 ಮೀರಬಾರದು ಎನ್ನುತ್ತದೆ. ಬರಿಯ ಕಾಂಕ್ರೀಟ್ ಛಾವಣಿಯದು ಅದರ ಸುಮಾರು ಮೂರು ಪಟ್ಟು. ಆದರೆ ಆ ಸಂಹಿತೆ ಇರುವುದು 500 ಚದರ ಮೀಟರ್ ಮತ್ತು ಅದಕ್ಕೂ ದೊಡ್ಡ ನಿವೇಶನಗಳಿಗೆ, ನಮ್ಮ ನಿಮ್ಮದು ಸುಮಾರು 111. ಶಾಖದ ಬಗ್ಗೆ ಯಾರೂ ಬಂದು ಕೇಳುವುದಿಲ್ಲ. ಕೇಳುವುದು ಸೆಟ್‌ಬ್ಯಾಕ್ ಬಗ್ಗೆ, ಅಂದರೆ ನಿವೇಶನದ ಅಂಚಿಗೂ ಕಟ್ಟಡಕ್ಕೂ ನಡುವೆ ಖಾಲಿ ಬಿಡಬೇಕಾದ ಜಾಗದ ಬಗ್ಗೆ. ತೆರೆದ ಪೋರ್ಟಿಕೋಗೆ ಗೋಡೆ ಎಬ್ಬಿಸಿದ ಕೂಡಲೇ ಅದು ಕೋಣೆ ಎನಿಸಿಕೊಳ್ಳುತ್ತದೆ, ಅದಕ್ಕೆ ಹೊಸ ನಕ್ಷೆ, ಹೊಸ ಪರವಾನಗಿ ಬೇಕು. ‘ತಗಡಿನದು ತಾತ್ಕಾಲಿಕ, ಪರವಾನಗಿ ಬೇಡ’ ಎಂದು ನಮ್ಮ ಮೇಸ್ತ್ರಿ ಎದೆ ತಟ್ಟಿ ಹೇಳಿದ್ದ. ಪಕ್ಕದ ಮನೆಯವರು ದೂರು ಕೊಟ್ಟರು, ಅಕ್ರಮ ಕಟ್ಟಡ ಕೆಡವಿಸುವ ಕರ್ನಾಟಕ ಪೌರ ನಿಗಮಗಳ ಅಧಿನಿಯಮ 1976ರ 321ನೇ ಪ್ರಕರಣದಡಿ ಪಾಲಿಕೆಯಿಂದ ನೋಟಿಸ್ ಬಂತು. ಮೇಸ್ತ್ರಿ ಫೋನು ಎತ್ತಲಿಲ್ಲ. ದಂಡ ಕಟ್ಟಿಸಿಕೊಂಡು ಅಕ್ರಮ ಕಟ್ಟಡವನ್ನು ಸಕ್ರಮ ಮಾಡುವ ಅಕ್ರಮ-ಸಕ್ರಮ ಯೋಜನೆ ಬಂದೇ ಬರುತ್ತದೆ ಎನ್ನುವವರ ಮಾತಿಗೂ ಕಿವಿಗೊಡಬೇಡಿ; ಅದಕ್ಕೆ 2017ರಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತ್ತು.

ನಾವೇ ಗೋಡೆ ಕೆಡವಿದೆವು, ಕಟ್ಟಿದ್ದಕ್ಕೂ ಕೂಲಿ, ಕೆಡವಿದ್ದಕ್ಕೂ ಕೂಲಿ. ಈಗ ಮುಂದೆ ಲಾವಂಚದ ತಟ್ಟಿ ಇಳಿಬಿಟ್ಟು ಮಧ್ಯಾಹ್ನ ನೀರು ಚಿಮುಕಿಸುತ್ತೇವೆ; ನಮ್ಮ ಒಣಹವೆಗೆ ಅದು ಚೆನ್ನಾಗಿ ತಂಪು ಕೊಡುತ್ತದೆ. ಕಾಂಕ್ರೀಟ್ ಮಾಳಿಗೆಯ ಮೇಲೆ ಪ್ರತಿ ವರ್ಷ ಶಿವರಾತ್ರಿಯ ಹೊತ್ತಿಗೆ ಸುಣ್ಣ ಬಳಿಸುತ್ತೇವೆ, ಬಿಳಿಬಣ್ಣ ಬಿಸಿಲನ್ನು ಹಿಂದಕ್ಕೆ ಕಳಿಸುತ್ತದೆ. ಮಗಳು ಹಜಾರದಲ್ಲೇ ಓದುತ್ತಾಳೆ.

ಕೋಣೆ ಬೇಕೇಬೇಕು ಎಂದರೆ ಮೇಲೆ ಕಟ್ಟಿಸಿ, ಪರವಾನಗಿ ಪಡೆದು, ಪಶ್ಚಿಮಕ್ಕೆ ಗಾಜು ಇಡದೆ. ಪಫ್ ಪ್ಯಾನೆಲ್ ವಿಚಾರವನ್ನು ಆಗ ಕೇಳಿ.